ಧಾರೆ ಹೊತ್ತಿಗೆ ಓಡಿಹೋದ ಮದುಮಗಳು

ಕಳೆದ ಇಸಿಸಿಇ ಡೇಗೆ, ಅಂದರೆ ಪುಟ್ಟ ಮಕ್ಕಳ ಶಾಲಾಪೂರ್ವ ಶಿಕ್ಷಣದ ದಿನಕ್ಕೆ, ಉಡುಪಿ ಜಿಲ್ಲೆಯ ಕಾಪು ಕಡೆಯ ನಮ್ಮ ಅಂಗನವಾಡಿಯಲ್ಲಿ ಮದುವೆ ಆಟ ಇಟ್ಟಿದ್ದೆ. ಪಾತ್ರಗಳನ್ನೆಲ್ಲ ನಾನೇ ಹಂಚಿದ್ದೆ. ನಾಲ್ಕು ವರ್ಷದ ಒಬ್ಬಳು ಮದುಮಗಳು. ಯಾಕೆ ಅವಳೇ? ಅಳುವುದಿಲ್ಲ, ಫೋಟೋಗೆ ಚೆನ್ನಾಗಿ ನಿಲ್ಲುತ್ತಾಳೆ, ಅಷ್ಟೇ. ಸಹಾಯಕಿ ಅಕ್ಕ ತಮ್ಮ ಅಂಗಳದ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ತಂದಿದ್ದರು.

ತಂಬಿಗೆ ನೀರು ಕೈಮೇಲೆ ಬಿತ್ತು. ಹುಡುಗಿಯ ಕೆಳತುಟಿ ನಡುಗಿತು. ನನಗೆ ಕಂಡಿತ್ತು. ಆದರೂ "ಒಂದೇ ನಿಮಿಷ ಪುಟ್ಟಿ, ಇಲ್ಲಿ ನೋಡು" ಅಂತ ಮೊಬೈಲ್ ಹಿಡಿದೇ ಇದ್ದೆ.

"ಎಂಕ್ ಬೊಡ್ಚಿ ಟೀಚರ್, ಎಂಕ್ ಇಲ್ಲಡೆ ಪೋವೊಡು!" ತುಳುವಿನಲ್ಲಿ ಕಿರುಚಿದಳು: ನಂಗೆ ಬೇಡ, ಮನೆಗೆ ಹೋಗ್ಬೇಕು ಅಂತ.

ಮಾಲೆ ಕಿತ್ತೆಸೆದು ಅಕ್ಕಿ ಚೀಲದ ಹಿಂದೆ ಹೋಗಿ ಕುಳಿತಳು. ಮದುಮಗ ಪೆಪ್ಪರ್‌ಮಿಂಟ್ ಚೀಪುತ್ತಾ ನಿಂತಿದ್ದ. ಹತ್ತು ನಿಮಿಷ ಏನು ಹೇಳಿದರೂ ಬಿಕ್ಕುವುದು ನಿಲ್ಲಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು, "ನಾನಿನ್ನು ಅವನ ಮನೆಗೆ ಹೋಗ್ಬೇಕಾ?"

ದಿನಾ ಅವಳನ್ನು ಪಕ್ಕ ಮಲಗಿಸಿಕೊಳ್ಳುತ್ತಿದ್ದ ಚಿಕ್ಕಿಗೆ ಹಿಂದಿನ ತಿಂಗಳಷ್ಟೇ ಮದುವೆಯಾಗಿತ್ತು. ಮನೆ ಭೇಟಿಗೆ ಹೋದಾಗ ಆ ಮದುವೆಯ ಹೋಳಿಗೆ ನಾನೂ ತಿಂದಿದ್ದೆ. ಆದರೂ ಹೊಳೆಯಲಿಲ್ಲ ನೋಡಿ.

ಇಷ್ಟಾದರೂ ಫೋಟೋ ಮಾತ್ರ ಗ್ರೂಪಿಗೆ ಹಾಕಿದ್ದೆ. ಸೂಪರ್‌ವೈಸರ್ ಫೋನ್: "ಮೇಡಂ, ಹಿಂದೆ ಗೋಡೆ ನೋಡಿ." ಬಾಲ್ಯವಿವಾಹ ನಿಷೇಧದ ಪೋಸ್ಟರ್! ಹುಡುಗಿಗೆ 18, ಹುಡುಗನಿಗೆ 21 ಅಂತ ದಪ್ಪಕ್ಷರ. ಅದರ ಕೆಳಗೇ ನನ್ನ ವಧೂವರರು. ಡಿಲೀಟ್ ಮಾಡಿದೆ. ಮಗು ಯಾಕೆ ಅತ್ತಿತು ಅಂತ ಅವರು ಕೇಳಲಿಲ್ಲ, ಅಂಗನವಾಡಿ ಕೆಲಸ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಎಂಟ್ರಿ ಆಯ್ತಾ ಅಂತ ಕೇಳಿದರು. ಫೋಟೋ, ಎಂಟ್ರಿ ಇದ್ದರೆ ಚಟುವಟಿಕೆ ಆದಂತೆ, ಇಲ್ಲದಿದ್ದರೆ ಇಲ್ಲ ಅನ್ನೋ ಹಾಗೆ. ನಾನೂ ಅದೇ ಲೆಕ್ಕದಲ್ಲಿದ್ದೆ ಅಲ್ವಾ?

ಮರುದಿನ ಪಾತ್ರ ಹಂಚಲಿಲ್ಲ. ಬಾಳೆ ಎಲೆ, ಗೆರಟೆ, ಹಳೇ ಶಾಲು ಸುಮ್ನೆ ನಡುವೆ ಇಟ್ಟೆ. ಮದುಮಗಳಾಗಲು ಯಾರೂ ಬರಲಿಲ್ಲ. ಮೂಲೆಯ ಗೊಂಬೆಗೇ ಶಾಲು ಸುತ್ತಿ ಕೂರಿಸಿದರು. ಎಲ್ಲರಿಗೂ ಬಡಿಸುವುದೇ ಬೇಕು! ಎಲೆ ಏಳು, ಊಟಕ್ಕೆ ಕೂತವರು ಎಂಟು. ನಿನ್ನೆ ಅತ್ತವಳೇ ಬೆರಳಿಟ್ಟು ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ದೊಡ್ಡ ಎಲೆಯೊಂದನ್ನು ಹರಿದು ಎರಡು ಮಾಡಿದಳು. ಗೆರಟೆಯಲ್ಲಿ ಮರಳಿನ ಪಾಯಸ ಹಿಡಿದು "ಯಾರಿಗೆ, ಯಾರಿಗೆ" ಅಂತ ಸೊಂಟ ಬಗ್ಗಿಸಿ ಬಂದ ಹುಡುಗ, ಅದುವರೆಗೆ ತರಗತಿಯಲ್ಲಿ ಬಾಯಿಯೇ ಬಿಡದವನು.

ಮೊಬೈಲ್ ಬ್ಯಾಗಲ್ಲೇ ಇತ್ತು. ನಾನೂ ಸಾಲಿನ ಕೊನೆಗೆ ಹೋಗಿ ಕುಳಿತೆ.

"ಟೀಚರ್, ನಿಮಗೆ ಎಲೆ ಇಲ್ಲ," ಅಂದಳು ಹುಡುಗಿ. "ಮುಂದಿನ ಪಂಕ್ತಿಗೆ ಬನ್ನಿ."