ನಮ್ಮ ಕಪಾಟಿನಲ್ಲೇ ಇದ್ದ ಹ್ಯೂಯೆನ್ ತ್ಸಾಂಗ್

ನೋ ಡ್ಯೂ ಅರ್ಜಿಗೆ, ಅಂದರೆ ಗ್ರಂಥಾಲಯಕ್ಕೆ ಯಾವ ಬಾಕಿಯೂ ಇಲ್ಲವೆಂಬ ಕಾಗದಕ್ಕೆ, ಸಹಿ ಹಾಕುವುದು ಗ್ರಂಥಪಾಲಕಿಯಾದ ನನ್ನ ಕೆಲಸಗಳಲ್ಲೇ ಸುಲಭವಾದದ್ದು. ಕಳೆದ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ ಅಂಥದೊಂದು ಸಹಿಗಾಗಿ ಪೆನ್ನು ಎತ್ತಿಕೊಂಡಿದ್ದೆ. ಹೊರಗೆ ಹಾಸನದ ಜಡಿಮಳೆ ಹಿಡಿದಿತ್ತು. ಇತಿಹಾಸದಲ್ಲಿ ಎಂ.ಎ. ಮುಗಿಸಿದ ಅರಕಲಗೂಡು ಕಡೆಯ ಹುಡುಗಿ ಕೌಂಟರಿನ ಮುಂದೆ ನಿಂತಿದ್ದಳು. ನೆನೆಯದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ ಕಾಗದಗಳನ್ನು ಒಂದೊಂದಾಗಿ ತೆಗೆದಿಡುತ್ತ ಅರ್ಜಿ ಹುಡುಕುತ್ತಿದ್ದಳು. ಆ ಕಾಗದಗಳ ನಡುವೆ ಒಂದು ಪುಸ್ತಕದ ರಕ್ಷಾಪುಟದ ಜೆರಾಕ್ಸ್ ಇತ್ತು.

ಪಕ್ಕದಲ್ಲಿ ನಿಯತಕಾಲಿಕಗಳನ್ನು ಜೋಡಿಸುತ್ತಿದ್ದ ನಮ್ಮ ಅಟೆಂಡರ್ ಬಗ್ಗಿ ನೋಡಿ, "ಇದು ನಮ್ಮಲ್ಲಿಯೂ ಇದೆಯಲ್ಲ ಮೇಡಂ, ನಾನೇ ಸೀಲು ಹೊಡೆದಿದ್ದೇನೆ" ಎಂದರು.

"ಇಲ್ಲ" ಎಂದೆ. ನಾಲ್ಕು ತಿಂಗಳ ಹಿಂದೆ ಅದೇ ಹುಡುಗಿಗೂ ಅಷ್ಟೇ ಖಚಿತವಾಗಿ ಹಾಗೆಯೇ ಹೇಳಿದ್ದೆ.

"ಸ್ಪೈನ್ ಲೇಬಲ್ ಎರಡು ಸಲ ಕಿತ್ತು ಬಂದ ಪುಸ್ತಕ ಇದು. ಹೇಗೆ ಮರೆಯಲಿ?" ಎನ್ನುತ್ತ ಅವರು ಮೇಲಿನ ಮಹಡಿಯ ಮೆಟ್ಟಿಲು ಹತ್ತಿದರು.

ಅವರು ಹೋಗಿ ಬರಲು ಐದು ನಿಮಿಷ ಹಿಡಿದಿರಬೇಕು. ಹುಡುಗಿ ಮಾತನಾಡಲಿಲ್ಲ, ನಾನೂ ಆಡಲಿಲ್ಲ. ಮೊದಲ ಎರಡು ನಿಮಿಷ ಅವರಿಗೆ ತಪ್ಪು ನೆನಪಾಗಿರಬಹುದು ಎಂದುಕೊಂಡೆ. ಆಮೇಲೆ, ಅವರು ಬರಿಗೈಯಲ್ಲಿ ಬರಲಿ ಎಂದು ನನ್ನ ಮನಸ್ಸು ಬಯಸುತ್ತಿರುವುದು ಗೊತ್ತಾಯಿತು. ಇಪ್ಪತ್ತೆರಡು ವರ್ಷ ಗ್ರಂಥಪಾಲಕಿಯಾಗಿ ದುಡಿದವಳು ಪುಸ್ತಕವೊಂದು ಸಿಗದಿರಲಿ ಎಂದು ಆಶಿಸಿದ ಆ ಗಳಿಗೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅವರು ಪುಸ್ತಕದೊಂದಿಗೆ ಬಂದರು. ಡ್ಯೂ ಸ್ಲಿಪ್ ಖಾಲಿಯಾಗಿತ್ತು, ಅದನ್ನು ಯಾರೂ ಒಯ್ದಿರಲಿಲ್ಲ.

ಹುಡುಗಿಯ ಪ್ರಬಂಧದ ವಿಷಯ ಹೇಳದಿದ್ದರೆ ಆ ಪುಸ್ತಕದ ಬೆಲೆ ತಿಳಿಯುವುದಿಲ್ಲ. 629ರಲ್ಲಿ ಚೀನಾದಿಂದ ಹೊರಟು 645ರಲ್ಲಿ ಹಿಂದಿರುಗಿದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕಾಂಚಿಯ ಕಡೆಯಿಂದ ಕೊಂಕಣಪುರಕ್ಕೂ ಅಲ್ಲಿಂದ ಮಹಾರಾಷ್ಟ್ರಕ್ಕೂ ಹೋದ ವಿವರ ಅವನ ಪ್ರವಾಸ ಕಥನದಲ್ಲಿದೆ. ಇಮ್ಮಡಿ ಪುಲಕೇಶಿಯನ್ನೂ ಹರ್ಷನಿಗೆ ಬಗ್ಗದ ಅವನ ಜನರನ್ನೂ ಬಣ್ಣಿಸಿದ ಹೊರಗಿನ ಸಾಕ್ಷಿ ಅವನು. ಐಹೊಳೆಯ ಶಾಸನ ಪುಲಕೇಶಿಯ ಆಸ್ಥಾನದ ಕವಿ ಬರೆದದ್ದು. ಇದು ಆಸ್ಥಾನದ ಋಣವಿಲ್ಲದವನು ಬರೆದದ್ದು. ಕೊಂಕಣಪುರ ಯಾವ ಊರು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆ ಭಾಗವನ್ನು ಬೇರೆ ಬೇರೆ ಇಂಗ್ಲಿಷ್ ಅನುವಾದಗಳಲ್ಲಿ ಇಟ್ಟು ನೋಡುವುದು ಇವಳ ಕೆಲಸವಾಗಿತ್ತು. ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ತಂದ ಅನುವಾದವೂ ಥಾಮಸ್ ವಾಟರ್ಸ್ ಬರೆದು 1904–05ರಲ್ಲಿ ಅಚ್ಚಾದ ವಿವರಣೆಯೂ ಅವಳಿಗೆ ಸಿಕ್ಕಿದ್ದವು. ಲಿ ರೊಂಗ್‌ಶಿ ಮಾಡಿದ, 1996ರಲ್ಲಿ ಪ್ರಕಟವಾದ ಅನುವಾದ ಬೇಕಿತ್ತು. ನಾನು ಗ್ರಂಥಾಲಯದ ಕಂಪ್ಯೂಟರ್ ಕ್ಯಾಟಲಾಗ್ ಆದ ಓಪ್ಯಾಕ್‌ನಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಹೊಡೆದು, ಬೀಲ್‌ನ ಮರುಮುದ್ರಣವೊಂದೇ ಬಂದದ್ದನ್ನು ನೋಡಿ, "ಇಲ್ಲಮ್ಮ, ಮೈಸೂರಿನಲ್ಲಿ ನೋಡು" ಎಂದು ಕಳುಹಿಸಿದ್ದೆ. ಮೂರು ದಿನ ಬೆಳಗಿನ ಮೊದಲ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಟಿಪ್ಪಣಿ ಮಾಡಿಕೊಂಡು ಬಂದಿದ್ದಳು.

ಅಟೆಂಡರ್ ತಂದ ಪುಸ್ತಕದ ಅಕ್ಸೆಶನ್ ಸಂಖ್ಯೆಯನ್ನು (ದಾಖಲಾತಿ ಸಂಖ್ಯೆ) ನಮ್ಮ ಗ್ರಂಥಾಲಯ ತಂತ್ರಾಂಶ ಕೊಹಾದಲ್ಲಿ ಹೊಡೆದೆ. ಲೇಖಕರ ಜಾಗದಲ್ಲಿ 'ರೊಂಗ್‌ಶಿ, ಲಿ' ಎಂದಿತ್ತು. ಮನೆತನದ ಹೆಸರು ಲಿ. ಚೀನೀಯರಲ್ಲಿ ಅದು ಮೊದಲೇ ಬರುತ್ತದೆ. ಕೊನೆಯ ಪದವನ್ನು ಮುಂದಕ್ಕೆ ತಂದು ಅಲ್ಪವಿರಾಮ ಹಾಕುವ ನಮ್ಮ ರೂಢಿ ಹೆಸರನ್ನು ತಲೆಕೆಳಗು ಮಾಡಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ ಮೂಲ ಲೇಖಕನ ಹೆಸರೇ ಆ ದಾಖಲೆಯಲ್ಲಿ ಇರಲಿಲ್ಲ. ಶೀರ್ಷಿಕೆಯಲ್ಲಿಯೂ ಅವನ ಹೆಸರಿಲ್ಲ. ಅಂದರೆ ಯಾವ ಕಾಗುಣಿತದಲ್ಲಿ ಹುಡುಕಿದ್ದರೂ ಆ ಪುಸ್ತಕ ಯಾರಿಗೂ ಸಿಗುತ್ತಿರಲಿಲ್ಲ.

ಅದನ್ನು ಹಾಗೆ ಮಾಡಿಸಿದವಳು ನಾನೇ. ಅದರ ಹಿಂದಿನ ವರ್ಷ ಏಷ್ಯಾ ಅಧ್ಯಯನ ಸಂಗ್ರಹಕ್ಕೆಂದು ಮಂಜೂರಾದ ಅನುದಾನ ಫೆಬ್ರವರಿ ಕೊನೆಯಲ್ಲಿ ಬಿಡುಗಡೆಯಾಗಿತ್ತು. ಪಟ್ಟಿ, ಸಮಿತಿ, ವಿದೇಶಿ ಪುಸ್ತಕಗಳ ಬೆಲೆ ಕಟ್ಟುವ ಜಿಒಸಿ ವಿನಿಮಯ ದರ, ಬಿಲ್ಲು, ಅಕ್ಸೆಶನ್, ಹಣ ಬಳಕೆಯ ಪ್ರಮಾಣಪತ್ರವಾದ ಯುಸಿ ಎಲ್ಲವೂ ಮಾರ್ಚ್ 31ರ ಒಳಗೆ ಮುಗಿಯಬೇಕಿತ್ತು. ಕ್ಯಾಟಲಾಗಿಂಗ್‌ಗೆ ಹಣವೂ ಇಲ್ಲ, ದಿನವೂ ಇಲ್ಲ. ಪುಸ್ತಕ ಕೊಳ್ಳಲು ಲಕ್ಷಗಟ್ಟಲೆ ಕೊಡುವ ಆಡಳಿತ, ಕೊಂಡದ್ದನ್ನು ಹುಡುಕುವಂತೆ ಮಾಡಲು ಒಬ್ಬ ತಾತ್ಕಾಲಿಕ ನೌಕರರನ್ನೂ ಕೊಡುವುದಿಲ್ಲ. ವೆಂಡರ್ ಕಳುಹಿಸಿದ ಇನ್‌ವಾಯ್ಸ್‌ನ ಎಕ್ಸೆಲ್ ಪಟ್ಟಿಯನ್ನೇ ಕೊಹಾಕ್ಕೆ ಏರಿಸಿದೆವು. ಅದರಲ್ಲಿ ಲೇಖಕರಿಗೆ ಒಂದೇ ಅಂಕಣವಿತ್ತು.

ಸಹಾಯಕ ಗ್ರಂಥಪಾಲಕಿ ಕೆಲಸಕ್ಕೆ ಸೇರಿ ಆಗ ಆರು ತಿಂಗಳೂ ಆಗಿರಲಿಲ್ಲ. ಮಾರ್ಚ್ 29ರ ಸಂಜೆ ಅವಳು ನನ್ನ ಮೇಜಿನ ಬಳಿ ಬಂದು, "ಚೀನೀ ಹೆಸರುಗಳು ತಿರುವು ಮುರುವಾಗುತ್ತಿವೆ ಮೇಡಂ. ಝಡ್39.50 ಮೂಲಕ ಬೇರೆ ಗ್ರಂಥಾಲಯಗಳ ಸಿದ್ಧ ದಾಖಲೆಗಳನ್ನು ತಂದರೆ ಅಥಾರಿಟಿಗೆ, ಅಂದರೆ ಒಪ್ಪಿತ ರೂಪಕ್ಕೆ ತಕ್ಕ ಹೆಸರುಗಳೇ ಬರುತ್ತವೆ, ಹೆಸರನ್ನು ಚೀನೀ ಲಿಪಿಯಲ್ಲಿ ಕೊಡುವ 880 ಸಂಖ್ಯೆಯ ಸಾಲುಗಳೂ ಇರುತ್ತವೆ. ಎರಡು ವಾರ ಕೊಡಿ" ಎಂದಿದ್ದಳು. "ಇನ್‌ವಾಯ್ಸ್‌ನಲ್ಲಿ ಇರುವಂತೆಯೇ ಇರಲಿ, ಮಾರ್ಚ್ ಮುಗಿಯಲಿ, ಆಮೇಲೆ ತಿದ್ದೋಣ" ಎಂದೆ. ಮಾರ್ಚ್ ಮುಗಿಯಿತು, ಏಪ್ರಿಲ್‌ನಲ್ಲಿ ಆಡಿಟ್ ಬಂತು, ಜೂನ್‌ನಲ್ಲಿ ಪ್ರವೇಶಾತಿ. ಅವಳು ಮತ್ತೆ ಕೇಳಲಿಲ್ಲ. ಹಿರಿಯರು ಒಮ್ಮೆ ಗದರಿದರೆ ಕಿರಿಯರು ಎರಡನೆಯ ಸಲ ಕೇಳುವುದಿಲ್ಲ ಎಂಬುದನ್ನು ನಾನು ತಿಳಿದಿರಬೇಕಿತ್ತು.

ಅವಳು ಸರಿ, ನಾನು ತಪ್ಪು ಎಂಬುದಕ್ಕೆ ದೂರದ ಪುರಾವೆ ಬೇಕಿಲ್ಲ. ನಮ್ಮ ಜಿಲ್ಲೆಯವರೇ ಆದ ಎಸ್.ಎಲ್. ಭೈರಪ್ಪನವರ ಹೆಸರಿನಲ್ಲಿ ಎಸ್ ಎಂದರೆ ಸಂತೇಶಿವರ, ಅದು ಊರು. ಎಲ್ ಎಂದರೆ ಲಿಂಗಣ್ಣಯ್ಯ, ಅದು ತಂದೆಯ ಹೆಸರು. ಆ ಹೆಸರಿನಲ್ಲಿ ಮನೆತನದ ಹೆಸರೇ ಇಲ್ಲ. ಪರದೇಶದ ಫಾರಂಗಳು ಸರ್‌ನೇಮ್ ಕೇಳಿದಾಗ ನಾವೆಲ್ಲ ಕಿರಿಕಿರಿಪಡುತ್ತೇವೆ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಿಎಲ್-480 ನಿಧಿಯ, ಅಂದರೆ ಅಮೆರಿಕದ ಧಾನ್ಯಕ್ಕೆ ಭಾರತ ಕೊಟ್ಟ, ರೂಪಾಯಿಗಳಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಆ ಗ್ರಂಥಾಲಯಗಳ ಕ್ಯಾಟಲಾಗ್‌ನಲ್ಲಿ ಕನ್ನಡ ಶೀರ್ಷಿಕೆಗಳನ್ನು ನೋಡಿದ್ದೇನೆ. ದೀರ್ಘಕ್ಕೆ ಮೇಲೊಂದು ಗೆರೆ, ಳಕಾರ ಣಕಾರಗಳಿಗೆ ಕೆಳಗೊಂದು ಚುಕ್ಕಿ. ಕನ್ನಡದ ಪುಸ್ತಕಕ್ಕೆ ಅವರು ತೋರಿದ ಎಚ್ಚರವನ್ನು ಚೀನಾದ ಪುಸ್ತಕಕ್ಕೆ ನಾನು ತೋರಲಿಲ್ಲ.

ಹ್ಯೂಯೆನ್ ತ್ಸಾಂಗ್ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕಿತ್ತು. ಬೀಲ್‌ಗೆ ಅವನು ಹ್ಯೂಯೆನ್ ತ್ಸಿಯಾಂಗ್, ವಾಟರ್ಸ್‌ಗೆ ಯುವಾನ್ ಚ್ವಾಂಗ್. ಪಿನ್‌ಯಿನ್ ಕ್ರಮದಲ್ಲಿ, ಅಂದರೆ ಚೀನಾದ ಅಧಿಕೃತ ರೋಮನ್ ಕಾಗುಣಿತದಲ್ಲಿ ಬರೆದರೆ ಎಕ್ಸ್ ಅಕ್ಷರದಿಂದ ಆರಂಭವಾಗಿ ಶುವಾನ್‌ಜಾಂಗ್ ಎಂಬ ಉಚ್ಚಾರಣೆ. ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಚೀನೀ ದಾಖಲೆಗಳಿಗೆ ಪಿನ್‌ಯಿನ್ ಒಪ್ಪಿಕೊಂಡದ್ದು 2000ದ ಅಕ್ಟೋಬರ್‌ನಲ್ಲಿ. ಹೀಗಾಗಿ ಹಳೆಯ ದಾಖಲೆಗಳನ್ನು ತಿದ್ದದ ಗ್ರಂಥಾಲಯಗಳಲ್ಲಿ ಅದಕ್ಕೂ ಹಿಂದಿನ ಪುಸ್ತಕ ಒಂದು ಕಡೆ, ಆಮೇಲಿನದು ಇನ್ನೊಂದು ಕಡೆ. ನಮ್ಮ ಹುಡುಗರು ಶಾಲೆಯ ಪಾಠದಲ್ಲಿ ಓದಿದ ಹೆಸರನ್ನು ಹಿಡಿದು ಎಚ್ ಅಕ್ಷರದಲ್ಲಿ ಹುಡುಕುತ್ತಾರೆ. ಕಪಾಟಿನಲ್ಲಿ ಕಣ್ಣಾಡಿಸಿದರೂ ಕೈಗೆ ಬರುವುದಿಲ್ಲ, ವಿಷಯವಾರು ವಿಂಗಡಣೆಯ ಸಂಖ್ಯೆಗಳಲ್ಲಿ ಒಂದನ್ನು ಬೌದ್ಧ ಧರ್ಮದ 294.3ರಲ್ಲಿಯೂ ಮತ್ತೊಂದನ್ನು ಭಾರತ ಪ್ರವಾಸದ 915.4ರಲ್ಲಿಯೂ ಇನ್ನೊಂದನ್ನು ಪ್ರಾಚೀನ ಭಾರತದ ಇತಿಹಾಸದ 934ರಲ್ಲಿಯೂ ನಾವೇ ಇಟ್ಟಿದ್ದೆವು.

ಹುಡುಗಿಗೆ ಕ್ಷಮೆ ಕೇಳಿದೆ. "ಪರವಾಗಿಲ್ಲ ಮೇಡಂ, ಪ್ರಬಂಧ ಕೊಟ್ಟಾಯಿತು" ಎಂದಳು. ಪುಸ್ತಕವನ್ನು ಕೈಗೆತ್ತಿಕೊಂಡು ಕೊಂಕಣಪುರದ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದಳು. ನಕಲು ಮಾಡುವಾಗ ಒಂದು ಪದ ಬಿಟ್ಟುಹೋಗಿತ್ತಂತೆ. ಮನೆಗೆ ಒಯ್ಯಲು ಕೊಡೋಣವೆಂದರೆ ಕಾರ್ಡ್ ಮುಚ್ಚಿಯಾಗಿತ್ತು. ಸಹಿ ಹಾಕಿ ಕೊಟ್ಟೆ.

ಮರುದಿನ ಸಹಾಯಕ ಗ್ರಂಥಪಾಲಕಿಯನ್ನು ಕರೆದು, ಅವಳು ಮಾರ್ಚ್‌ನಲ್ಲಿ ಕೇಳಿದ್ದ ಎರಡು ವಾರಗಳನ್ನು ಕೊಟ್ಟೆ. ಎರಡು ವಾರ ಸಾಲದೆ ಎರಡೂವರೆ ತಿಂಗಳು ಹಿಡಿಯಿತು. ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ಶೀರ್ಷಿಕೆ ಪುಟ ನೋಡಿ, ದಾಖಲೆಗಳನ್ನು ಒಂದೊಂದಾಗಿ ಬದಲಿಸಿದೆವು. ಅಥಾರಿಟಿ ಫೈಲಿನಲ್ಲಿ ಹ್ಯೂಯೆನ್ ತ್ಸಾಂಗ್‌ನ ಅಷ್ಟೂ ಕಾಗುಣಿತಗಳನ್ನು ಪರ್ಯಾಯ ಹೆಸರುಗಳಿಗಿರುವ 400ರ ಸಾಲುಗಳಲ್ಲಿ ಸೇರಿಸಿದೆವು. ಕೊನೆಗೆ ಕನ್ನಡ ಲಿಪಿಯಲ್ಲೂ ಒಂದು ಸಾಲು ಹಾಕಬೇಕೆಂದು ಹಟ ಹಿಡಿದವಳು ಅವಳೇ. ಈಗ ಕನ್ನಡದಲ್ಲಿ ಹೊಡೆದರೂ ಮೂರು ಕಡೆಯ ಪುಸ್ತಕಗಳೂ ಒಟ್ಟಿಗೆ ಬರುತ್ತವೆ. ಆ ಕೆಲಸದಲ್ಲಿ ಇನ್ನೂ ಹನ್ನೊಂದು ಪುಸ್ತಕಗಳು ಎರಡೆರಡು ಪ್ರತಿ ಬಂದಿರುವುದು ಕಂಡಿತು. ಕಾಗುಣಿತ ಬೇರೆಯಾದ್ದರಿಂದ ನಮ್ಮಲ್ಲಿ ಇಲ್ಲವೆಂದು ತಿಳಿದು ಮತ್ತೆ ಕೊಂಡಿದ್ದೆವು.

ಸಮಿತಿಯ ಸಭೆಯೊಂದರಲ್ಲಿ ಹಾಸನದವರಿಗೆ ಚೀನಾ, ಜಪಾನ್ ಪುಸ್ತಕಗಳು ಏಕೆ ಬೇಕು ಎಂದು ಸದಸ್ಯರೊಬ್ಬರು ಕೇಳಿದರು. ಹುಡುಗಿಯ ಪ್ರಬಂಧದ ಒಂದು ಪ್ರತಿಯನ್ನು ಅವರ ಮುಂದಿಟ್ಟೆ.

ಈ ವರ್ಷದ ಪಟ್ಟಿಯಲ್ಲಿ ಕೊರಿಯಾದ ಪುಸ್ತಕಗಳಿವೆ. ಅಲ್ಲಿಯ ಹೆಸರುಗಳಿಗೂ ಎರಡು ಮೂರು ಬಗೆಯ ರೋಮನ್ ಕಾಗುಣಿತಗಳಿವೆ. ಅನುದಾನದಲ್ಲಿ ಒಂದು ಪಾಲನ್ನು ಕ್ಯಾಟಲಾಗಿಂಗ್‌ಗೆ ಮೀಸಲಿಡಬೇಕು, ಹಣ ನವೆಂಬರ್‌ನೊಳಗೆ ಬಿಡುಗಡೆಯಾಗಬೇಕು ಎಂದು ಬರೆದು ಕಳುಹಿಸಿದ್ದೇನೆ. ಕಡತ ಹಣಕಾಸು ವಿಭಾಗದಲ್ಲಿದೆ. ಪ್ರತಿ ಸೋಮವಾರ ಹೋಗಿ ಕೇಳುತ್ತಿದ್ದೇನೆ.