ತೋಟ ಎಂದರೆ ಯಾವ ತೋಟ?

ಹಾಸನದ ನಮ್ಮ ಕಾಲೇಜಿನ ಗೋಡೆಪತ್ರಿಕೆಗೆ ಯಾರಾದರೂ ‘ನಮ್ಮೂರು’ ಅಂತ ಬರೆದು ಕೊಟ್ಟರೆ ಕನ್ನಡ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು ಇದನ್ನೇ. ಸಕಲೇಶಪುರದವರಿಗೆ ತೋಟ ಅಂದರೆ ಕಾಫಿ, ಅರಸೀಕೆರೆಯವರಿಗೆ ತೆಂಗು. ಜಿಲ್ಲೆ ಒಂದೇ ಆದರೂ ನೆರಳು ಬೇರೆ, ಮಣ್ಣು ಬೇರೆ, ಕೆಲಸದ ತಿಂಗಳುಗಳೂ ಬೇರೆ. ‘ಪ್ರಕೃತಿಯ ಮಡಿಲು’ ಅಂತ ಶುರುವಾದ ಹಾಳೆಗೆ ಅಲ್ಲೇ ಕೆಂಪು ಗೆರೆ ಬೀಳುತ್ತಿತ್ತು. ಆ ಮಾತು ಆಗುಂಬೆಗೂ ಹೊಂದುತ್ತದೆ, ಊಟಿಗೂ ಹೊಂದುತ್ತದೆ ಎನ್ನುತ್ತಿದ್ದರು.

ಬರೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಬೇಕಿತ್ತು. ಒಂದರಲ್ಲಿ ಊರಿನ ಕೆಲಸದ ಮಾತುಗಳು: ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಕಣ, ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ), ರೈಟರ್ (ತೋಟದ ಲೆಕ್ಕ ಬರೆಯುವವ), ಬಿತ್ತುವ ಕೂರಿಗೆ, ಹರಗುವ ಕುಂಟೆ. ಇನ್ನೊಂದರಲ್ಲಿ ಯಾವ ತಿಂಗಳು ಯಾವ ಕೆಲಸ. ಈ ಎರಡನೆಯದನ್ನು ಬಿಟ್ಟವರೇ ಹೆಚ್ಚು ಎಡವುತ್ತಿದ್ದರು.

ಮಳೆಯನ್ನೇ ನೋಡಿ. ಬಯಲುಸೀಮೆಯಲ್ಲಿ ರೋಹಿಣಿ, ಆರಿದ್ರ ಅಂತ ನಕ್ಷತ್ರದ ಲೆಕ್ಕ. ಕಾಫಿ ಕಡೆ ಇಂಚು ಮತ್ತು ಸೆಂಟಿನ ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಹೂಮಳೆ, ಅಂದರೆ ಕಾಫಿಯ ಮೊಗ್ಗು ಅರಳಿಸುವ ಮಳೆ, ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ಹೂ ಅರಳಿ, ಎರಡು ಮೂರು ದಿನ ಗಿಡವೆಲ್ಲ ಬೆಳ್ಳಗಿರುತ್ತದೆ. 20 ಸೆಂಟ್ ಹನಿದು ನಿಂತರೆ ರೋಬಸ್ಟಾ ಜಾತಿಯ ಕಾಫಿಯ ಮೊಗ್ಗು ಅರೆಬರೆ ಬಿರಿದು ಕರಟುತ್ತದೆ. ಅರಳಿದ ದಿನವೇ ಹೊಯ್ದರೆ ಪರಾಗ ತೊಳೆದು ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಎಲ್ಲ ಸರಿಹೋದರೂ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ನಿಲ್ಲಿಸುವ ಇನ್ನೊಂದು ಮಳೆ, ಬೇಕು.

ಹಣ್ಣೂ ಹೂವೂ ಒಟ್ಟಿಗೆ ಬಿಟ್ಟ ತೋಟವನ್ನು ಸಂಭ್ರಮದ ಚಿತ್ರವಾಗಿ ಬರೆದವರಿದ್ದರು. ರೋಬಸ್ಟಾದಲ್ಲಿ ಕುಯ್ಲು ತಡವಾಗಿ, ಮಳೆ ಬೇಗ ಬಂದರೆ ಅಂಥ ನೋಟ ಉಂಟು. ಆದರೆ ಆಗ ಕಣದಲ್ಲಿ ಹರವಿದ ಕಾಫಿ ನೆನೆಯುತ್ತದೆ, ಹಣ್ಣು ಕುಯ್ಯುವ ಕೈಗೆ ಹೂ ಉದುರುತ್ತದೆ. ನೋಡಲು ಬಂದವರು ಫೋಟೊ ತೆಗೆಯುವ ಹೊತ್ತಿನಲ್ಲಿ ತೋಟದವರು ಟಾರ್ಪಾಲು ಹುಡುಕುತ್ತಿರುತ್ತಾರೆ. ಆ ಟಾರ್ಪಾಲು ಬರಹದಲ್ಲಿ ಬರಲೇಬೇಕು ಎಂಬುದು ಮೇಷ್ಟ್ರ ಹಟ. ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ (1980) ಓದಿಸುವಾಗಲೂ ಹಾರುವ ಓತಿಯ ಕಡೆಗೆ ಓಡಲು ಬಿಡದೆ, ಮೂಡಿಗೆರೆಯ ಜೇನು ಸೊಸೈಟಿಯ ಹತ್ತಿರ ನಮ್ಮನ್ನು ನಿಲ್ಲಿಸಿಕೊಳ್ಳುತ್ತಿದ್ದರು.

ಆಡುಮಾತಿನ ವಿಷಯದಲ್ಲಿ ಅವರು ಇನ್ನೂ ಬಿಗಿ. ಶೃಂಗೇರಿ, ಕೊಪ್ಪದ ‘ಎಂತ ಮಾರಾಯ’ವನ್ನು ಅರಸೀಕೆರೆಯ ತೆಂಗಿನವನ ಬಾಯಿಗೆ ಹಾಕಬಾರದು. ಹಾಲನ್ನು ‘ಆಲು’, ಹೂವನ್ನು ‘ಊವು’ ಅಂತ ಪ್ರತಿ ಪದವನ್ನೂ ಒಡೆದು ಬರೆದರೆ ಓದುವವರಿಗೆ ತೊಡಕು, ಮಾತಾಡಿದವರಿಗೆ ಅವಮಾನ. ‘ಬತ್ತೀನಿ’, ‘ಓಯ್ತದೆ’ ಅಂತ ಒಂದೆರಡು ಕ್ರಿಯಾಪದ ಸಾಕು, ದನಿ ಕೇಳಿಸುತ್ತದೆ. ಕೊನೆಗೆ ಆ ಕಡೆಯ ಸಹಪಾಠಿಯೊಬ್ಬರಿಗೆ ಗಟ್ಟಿಯಾಗಿ ಓದಬೇಕು. ಅವರು ‘ಹಂಗಲ್ಲ’ ಅಂದ ಜಾಗವನ್ನೆಲ್ಲ ತಿದ್ದಬೇಕು.

ಗೋಡೆಗೆ ಅಂಟಿದ ಬರಹಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಆಲೂಗಡ್ಡೆಯದು. ಜಲಂಧರ್‌ನಿಂದ ಲಾರಿಯಲ್ಲಿ ಬಂದ ಬಿತ್ತನೆ ಗೆಡ್ಡೆ, ಮೂಟೆ ಬಿಚ್ಚಿ ಜಗಲಿಯಲ್ಲಿ ಸುರಿದದ್ದು, ತುಂಡಿಗೊಂದು ಕಣ್ಣಾದರೂ ಉಳಿಯುವಂತೆ ಕೊಯ್ಯುವುದು, ಔಷಧಿಗೆ ಅದ್ದಿ ನೆರಳಲ್ಲಿ ಆರಿಸುವುದು. ಆರುವ ಮೊದಲೇ ನೆಟ್ಟು, ಮೇಲೆ ಜಡಿಮಳೆ ಹಿಡಿದರೆ ಸಾಲಿನಲ್ಲೇ ಕೊಳೆತು ನಾರುವುದು. ಆ ಒಂದು ಪುಟದಲ್ಲಿ ‘ಸುಂದರ’ ಅನ್ನುವ ಪದ ಒಮ್ಮೆಯೂ ಇರಲಿಲ್ಲ. ಮೇಷ್ಟ್ರು ಅದನ್ನು ಎರಡು ತಿಂಗಳು ಗೋಡೆಯಿಂದ ತೆಗೆಸಲಿಲ್ಲ.