ಮಾರಮರೊಶ್ ಎಂಬ ಹಳೆಯ ಕೌಂಟಿ

ಈಚೆಗೆ ಮಾರಮರೊಶ್ ಬಗ್ಗೆ ಓದುತ್ತಿದ್ದೇನೆ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ ಹಂಗೇರಿಯ ಪಾಲಿಗಿದ್ದ ಒಂದು ಕೌಂಟಿ ಅದು. ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಕಾರ್ಪೇಥಿಯನ್ ಬೆಟ್ಟ, ದಟ್ಟ ಕಾಡು, ನಡುವೆ ತಿಸಾ ನದಿ. ಆಡಳಿತವೆಲ್ಲ ಸಿಗೆತ್ ಪಟ್ಟಣದಿಂದ.

ಅಲ್ಲಿನ ಸಂಪತ್ತು ಅಂದರೆ ಉಪ್ಪು. ಗಣಿಯಿಂದ ತೆಗೆದ ಉಪ್ಪನ್ನು ತೆಪ್ಪಗಳಿಗೆ ಹೇರಿ, ತಿಸಾ ಹರಿವಿನಲ್ಲಿ ಕೆಳಗಿನ ಬಯಲುಸೀಮೆಗೆ ಸಾಗಿಸುತ್ತಿದ್ದರು. 1910ರ ಜನಗಣತಿಯಲ್ಲಿ ಸುಮಾರು ಮೂರೂವರೆ ಲಕ್ಷ ಜನ. ಉಕ್ರೇನಿಯನ್ನರಿಗೆ ಹತ್ತಿರದ ಸ್ಲಾವ್ ಜನರಾದ ರುಥೇನಿಯನ್ನರೇ ಜಾಸ್ತಿ. ಜೊತೆಗೆ ರೊಮೇನಿಯನ್ನರು, ಹಂಗೇರಿಯನ್ನರು, ಯಿಡ್ಡಿಷ್ ಮಾತಾಡುವ ಯಹೂದಿಗಳು. ಅಲ್ಲಿನ ಸಂತೆಯ ಗದ್ದಲ ಹೇಗಿದ್ದಿರಬಹುದು, ಅಲ್ವಾ?

ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಯ ಜೊತೆ ಆದ 1920ರ ಟ್ರಿಯನಾನ್ ಒಪ್ಪಂದದಲ್ಲಿ ಕೌಂಟಿ ಎರಡು ಹೋಳಾಯಿತು. ಉತ್ತರ ಭಾಗ ಚೆಕೊಸ್ಲೊವಾಕಿಯಾಕ್ಕೆ, ದಕ್ಷಿಣ ಭಾಗ ರೊಮೇನಿಯಾಕ್ಕೆ. ತಿಸಾ ನದಿಯ ಒಂದು ದಡದಲ್ಲಿ ಸಿಗೆತ್, ಇನ್ನೊಂದು ದಡದಲ್ಲಿ ಉಪ್ಪಿನ ಗಣಿಯ ಸೊಲೊಟ್ವಿನೊ. ನಡುವೆ ಗಡಿ. ಸೊಲೊಟ್ವಿನೊದಲ್ಲಿ 1910ರಲ್ಲಿ ಹುಟ್ಟಿ, ಎಂಬತ್ತು ದಾಟಿದ ಅಜ್ಜಿಯನ್ನು ಊಹಿಸಿಕೊಳ್ಳಿ. ಊರು ಬಿಡದೆಯೇ ಆಸ್ಟ್ರಿಯಾ-ಹಂಗೇರಿ, ಚೆಕೊಸ್ಲೊವಾಕಿಯಾ, ಮತ್ತೆ ಹಂಗೇರಿ, ಸೋವಿಯತ್ ಒಕ್ಕೂಟ, ಉಕ್ರೇನ್ ಎಲ್ಲವನ್ನೂ ಕಂಡಿರುತ್ತಾರೆ. ಇದನ್ನು ಯೋಚಿಸಿದಾಗಲೆಲ್ಲ ತಲೆ ಗಿರ್ರೆನ್ನುತ್ತದೆ.

ಆದರೆ ಜಾಸ್ತಿ ಸಂಕಟವಾಗುವುದು ಸಿಗೆತ್‌ನ ಯಹೂದಿಗಳ ಕಥೆ ಓದುವಾಗ. 1940ರಲ್ಲಿ ಊರು ಮತ್ತೆ ಹಂಗೇರಿಯ ಕೈಗೆ ಬಂತು. 1944ರಲ್ಲಿ ಅವರನ್ನು ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಕಳಿಸಿದರು. ಮುಂದೆ 1986ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಲೇಖಕ ಎಲೀ ವೀಸೆಲ್ ಆಗ ಹದಿನೈದರ ಹುಡುಗ. ಅವರ ತಾಯಿ, ಪುಟ್ಟ ತಂಗಿ ಅಲ್ಲೇ ತೀರಿಕೊಂಡರು. ಸಿಗೆತ್‌ನಲ್ಲಿರುವ ಅವರ ಮನೆ ಈಗ ಮ್ಯೂಸಿಯಂ. ಒಮ್ಮೆ ಹೋಗಿ ನೋಡಬೇಕು ಅನ್ನಿಸುತ್ತಿದೆ.